ಪೆನ್‌ಡ್ರೈವಿನಲ್ಲಿ ವಾಮನಣ್ಣ

ಧಾರೆಯ ಮುಹೂರ್ತಕ್ಕೆ ಯಾರಾದರೂ ಸಾವಿನ ಸಂಗೀತ ಹಾಕುತ್ತಾರೆಯೇ? ಕಳೆದ ವಾರ ಮೂಡುಬಿದಿರೆಯ ಹಾಲ್ ಒಂದರಲ್ಲಿ ಹಾಕಿದರು. ನಾನು ಅಕ್ಷತೆ ಹಿಡಿದುಕೊಂಡು ಅಲ್ಲೇ ಇದ್ದೆ.

ಗೆಳೆಯ ಜಿನರಾಜರ ಮಗಳ ಮದುವೆ. ಹಾಲಿನ ತುಂಬ ಸ್ಯಾಕ್ಸೋಫೋನ್. ನಮ್ಮ ಕಡೆ ಅದಿಲ್ಲದೆ ಮದುವೆ ಕಳೆಗಟ್ಟುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ. ಆದರೆ ಊದುವವರು ಎಲ್ಲಿ? ವೇದಿಕೆಯ ಪಕ್ಕದಲ್ಲಿ ಎರಡು ಕಪ್ಪು ಬಾಕ್ಸ್, ಒಂದು ಲ್ಯಾಪ್‌ಟಾಪ್, ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವ್. ಅಷ್ಟೇ. (ಈಗ ದೇವಸ್ಥಾನದ ಡೋಲು, ಜಾಗಟೆಗೂ ಸ್ವಿಚ್ ಹಾಕಿದರೆ ಸಾಕು. ದೇವರಿಗೂ ಅಭ್ಯಾಸವಾಗಿರಬೇಕು.)

"ಅಲ್ಲಿ ಉಸಿರು ಎಳೆದದ್ದು ಕೇಳಿತಾ? ಅದು ನಾನು," ಎಂದರು ಪಕ್ಕದ ಕುರ್ಚಿಯವರು.

ನೋಡಿದರೆ ಕಕ್ಕಿಂಜೆಯ ವಾಮನಣ್ಣ! ಒಂದು ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ ಕಡೆ ಇವರ ಡೇಟ್ ಕೇಳಿ ಮುಹೂರ್ತ ಇಡುವವರಿದ್ದರು. ನಡುವೆ ಗಲ್ಫಿಗೆ ಹೋಗಿ, ಅಲ್ಲಿನ ಹೋಟೆಲ್ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಜಾಝ್ ಊದಿದರು. ಊರಿಗೆ ಮರಳಿ ಬಂದವರು ಮಂಗಳೂರಿನಲ್ಲಿ ಒಂದು ಸಿಡಿ ಮಾಡಿಸಿದರು. ಸ್ಟುಡಿಯೋದವರಿಗೆ ಮದುವೆಯ ಹಾಡು ಬೇಕು, ಇವರಿಗೆ ಜಾಝ್. ಕೊನೆಗೆ ರಾಜಿಯಾಯಿತು. ಮಿಕ್ಕಿದ್ದೆಲ್ಲ ಮಂಗಳವಾದ್ಯ, ಕೊನೆಯ ಟ್ರ್ಯಾಕ್ ಮಾತ್ರ ವಾಮನಣ್ಣನ ಇಷ್ಟದ್ದು.

ಆ ಸಿಡಿಯೇ ಅವರಿಗೆ ಮುಳುವಾಯಿತು. ಮದುವೆಗೆ ಮೈಕ್ ಹಾಕುವ ಸೌಂಡ್ಸ್‌ನವರು ಒಬ್ಬರಿಂದೊಬ್ಬರು ಕಾಪಿ ಮಾಡಿಕೊಂಡರು. ಸಿಡಿ ಇರುವಾಗ ಮನುಷ್ಯ ಯಾಕೆ? ಅವನಿಗೆ ಗಾಡಿ ಕಳಿಸಬೇಕು, ಊಟ ಹಾಕಬೇಕು, ಮರ್ಯಾದೆಯಿಂದ ಮಾತಾಡಿಸಬೇಕು. ಕರೆಗಳು ನಿಂತವು. ಆಮೇಲೆ ಮೇಲಿನ ಹಲ್ಲುಗಳೂ ಹೋದವು. ಹಲ್ಲಿನ ಹಿಡಿತವಿಲ್ಲದೆ ಅವರಿಗೆ ಸ್ಯಾಕ್ಸೋಫೋನ್ ಊದಲಾಗುವುದಿಲ್ಲ.

"ಆ ಕೊನೆಯದ್ದನ್ನು ಯಾರೂ ಹಾಕುವುದಿಲ್ಲ ಮಾರಾಯ್ರೆ," ಎಂದರು. (ಮಾತು ತುಳುವಿನಲ್ಲಿ ನಡೆದದ್ದು, ಕನ್ನಡ ನನ್ನದು.) "ನನ್ನ ಹತ್ರ ಇದ್ದ ಸಿಡಿ ಹಾಳಾಯ್ತು. ಈ ಸೌಂಡ್ಸ್‌ನವರ ಪೆನ್‌ಡ್ರೈವಿನಲ್ಲಿ ಇದ್ರೂ ಇರ್ಬಹುದು. ನಿಮಗೆ ಪರಿಚಯದವರಲ್ವಾ, ಒಂದು ಕಾಪಿ ಕೇಳಿ ನೋಡ್ತೀರಾ? ಸಾಯುವ ಮೊದಲು ಒಮ್ಮೆ ಕೇಳ್ಬೇಕು."

"ಎಂತ ಊದಿದ್ದೀರಿ ಅದರಲ್ಲಿ?"

"ನಾನು ಗಲ್ಫಿನಲ್ಲಿರುವಾಗ ಅಮ್ಮ ಹೋದ್ರು. ಪಾಸ್‌ಪೋರ್ಟ್ ಧಣಿಯ ಕೈಯಲ್ಲಿ. ರಜೆ ಕೊಡ್ಲಿಲ್ಲ. ಆ ದಿನವೂ ಹೋಟೆಲಿನಲ್ಲಿ ಊದ್ಲೇಬೇಕಿತ್ತು. ಊದಿದೆ. ಸಿಡಿಯಲ್ಲೂ ಅದನ್ನೇ ಊದಿದ್ದು."

ಖಂಡಿತ ಕೇಳುತ್ತೇನೆ ಎಂದೆ. ಊಟ ಮುಗಿಯಲಿ, ಏನವಸರ?

ಮುಹೂರ್ತ ಬಂತು. ಪುರೋಹಿತರು ಗಟ್ಟಿಮೇಳಕ್ಕೆ ಕೈ ಎತ್ತಿದರು. ಸೌಂಡ್ಸ್‌ನ ಪ್ರವೀಣ ಮೊಬೈಲ್ ನೋಡುತ್ತಿದ್ದವನು ಗಡಿಬಿಡಿಯಲ್ಲಿ ಯಾವುದನ್ನೋ ಒತ್ತಿದ. ಡೋಲಿನ ಅಬ್ಬರ ಬರಬೇಕಾದಲ್ಲಿ ಒಂಟಿ ಸ್ವರವೊಂದು ಬಂತು. ತಗ್ಗಿನಲ್ಲಿ ಶುರುವಾಗಿ, ಮೇಲೆ ಹೋಗಲಾರದೆ ಒಡೆದು, ಮತ್ತೆ ಎದ್ದಿತು. ಅಕ್ಷತೆ ಎತ್ತಿದ ಕೈಗಳು ಹಾಗೇ ನಿಂತವು. ವಾಮನಣ್ಣ ಕಣ್ಣು ಮುಚ್ಚಿದ್ದರು. ತುಟಿಗಳು ಊದುವವರ ಹಾಗೆ ಬಿಗಿದಿದ್ದವು.

"ಬಂದ್ ಮಾಡು ಮಾರಾಯ! ಇದೆಂತ ಹೆಣ ಎತ್ತುವ ಮನೆಯಾ?" ವರನ ದೊಡ್ಡಪ್ಪ ಕಿರುಚಿದರು. ಸಂಗೀತ ನಿಂತಿತು. ಅಲ್ಲಿಗೂ ಬಿಡದೆ ನಮ್ಮ ಸಾಲಿನತ್ತ ತಿರುಗಿದರು. "ಯಾರು ಊದಿದ್ದು ಇದನ್ನು?"

"ಗೊತ್ತಿಲ್ಲ," ಎಂದರು ವಾಮನಣ್ಣ.

ನನಗೆ ದೊಡ್ಡಪ್ಪನ ಮೇಲೆ ಮೈಯೆಲ್ಲ ಉರಿಯಿತು. ಆದರೆ ನೀವೇ ಹೇಳಿ, ಅಷ್ಟು ಜನರಲ್ಲಿ ಆ ಸಂಗೀತವನ್ನು ಸರಿಯಾಗಿ ಕೇಳಿಸಿಕೊಂಡವರು ಅವರಲ್ಲದೆ ಬೇರೆ ಯಾರು? ಹೆಣದ ಮನೆಗೆ ಬರಲಾಗದ ಮಗ ಊದಿದ್ದು ಹೆಣದ ಮನೆಯ ಹಾಗೆ ಕೇಳಿಸದೆ ಇನ್ನು ಹೇಗೆ ಕೇಳಿಸಬೇಕು?

ಊಟವಾದ ಮೇಲೆ ಪ್ರವೀಣನಲ್ಲಿ ಕಾಪಿ ಕೇಳಿದೆ.

"ಅಯ್ಯೋ ಸರ್, ಆಗಲೇ ಡಿಲೀಟ್ ಮಾಡಿ ಆಯ್ತು. ದೊಡ್ಡಪ್ಪನವರು ಎದುರಿಗೇ ನಿಂತು ಮಾಡಿಸಿದ್ರು. ಇನ್ನು ಯಾರ ಮದುವೆಗೂ ತೊಂದರೆ ಇಲ್ಲ."

"ಬೇರೆ ಸೌಂಡ್ಸ್‌ನವರ ಹತ್ರ ಇರ್ಬಹುದಾ?"

"ಅವರೆಲ್ಲ ಯಾವಾಗಲೋ ತೆಗೆದಿದ್ದಾರೆ. ನನಗೇ ಉದಾಸೀನ, ಹಾಗೇ ಬಿಟ್ಟಿದ್ದೆ."

ಪ್ರವೀಣನ ಉದಾಸೀನ ಇಷ್ಟು ವರ್ಷ ಕಾಪಾಡಿದ್ದನ್ನು ನನ್ನ ಒಂದು ಊಟ ಕಳೆದುಹಾಕಿತು. ಮಡಂತ್ಯಾರಿನ ಸೌಂಡ್ಸ್‌ನವರಿಗೆ ಫೋನ್ ಮಾಡಿದೆ, ತೋಡಾರಿನವರಿಗೂ ಮಾಡಿದೆ. ಎಲ್ಲರಲ್ಲೂ ಮಂಗಳವಾದ್ಯ ಉಂಟು, ಕೊನೆಯದು ಮಾತ್ರ ಇಲ್ಲ. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ.

ಮೊನ್ನೆ ಕಕ್ಕಿಂಜೆಗೆ ಹೋಗಿ ವಾಮನಣ್ಣನಿಗೆ ವಿಷಯ ಹೇಳಿದೆ. ನನಗೆ ಅವರ ಮುಖ ನೋಡಲಾಗಲಿಲ್ಲ.

"ಉಳಿದದ್ದೆಲ್ಲ ಉಂಟಲ್ಲ?" ಎಂದರು ಅವರು.

ಉಂಟು ವಾಮನಣ್ಣ. ನಿಮ್ಮನ್ನು ಕರೆಯದ ಎಷ್ಟು ಮದುವೆಗಳಲ್ಲಿ ಈ ಭಾನುವಾರವೂ ನೀವು ಊದಲಿದ್ದೀರೋ!