ಗ್ಲಾಸು ಎತ್ತುವುದು ಯಾವಾಗ, ಟೀಚರ್?

ಮಂಗಳೂರಿಗೆ ಬಂದ ಮೊದಲ ಬೆಳಿಗ್ಗೆ, ಮಣ್ಣಗುಡ್ಡದ ನನ್ನ ಬಾಡಿಗೆ ಮನೆಯ ಒಡತಿ ಶಕುಂತಲಕ್ಕ ಮೀನಿನವಳ ಹತ್ತಿರ ತುಳುವಿನಲ್ಲಿ ಚೌಕಾಸಿ ಮಾಡಿದರು, ಪಕ್ಕದ ಮನೆಯವರನ್ನು ಕೊಂಕಣಿಯಲ್ಲಿ ವಿಚಾರಿಸಿಕೊಂಡರು, ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, ಪಾಠದ ಪುಸ್ತಕ ಓದಿದ ಹಾಗೆ, "ನಿಮಗೆ ಸ್ನಾನಕ್ಕೆ ಬಿಸಿ ನೀರು ಉಂಟು. ಮತ್ತೆ ಎಂತ ಬೇಕು, ಹೇಳಿ" ಎಂದರು. ನಾನು ಹೆದರಿದೆ. ನಮ್ಮ ವಿಜಯಪುರದಲ್ಲಿ ಇಷ್ಟು ನೆಟ್ಟಗಿನ ಕನ್ನಡ ಹೊರಡುವುದು ವೇದಿಕೆ ಹತ್ತಿದಾಗ, ಇಲ್ಲವೇ ಸಿಟ್ಟು ಬಂದಾಗ. ಬಂದ ದಿನವೇ ನನ್ನಿಂದ ಏನು ತಪ್ಪಾಯಿತು ಎಂದು ಮಧ್ಯಾಹ್ನದವರೆಗೆ ತಲೆ ಕೆಡಿಸಿಕೊಂಡೆ. ಅದು ಸಿಟ್ಟಲ್ಲ, ಮರ್ಯಾದೆ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಇಲ್ಲಿ ಕನ್ನಡ ಎಂದರೆ ನೆಂಟರು ಬಂದಾಗ ಕಪಾಟಿನಿಂದ ತೆಗೆಯುವ ಪಿಂಗಾಣಿ ತಟ್ಟೆ. ನೆಂಟಳು ನಾನು.

ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಿದವರ ಅನುಭವಗಳನ್ನು ಊರಲ್ಲಿ ಬಾಯಿ ಬಿಟ್ಟುಕೊಂಡು ಓದುತ್ತಿದ್ದೆ. ನನ್ನ ಪರದೇಶ ಒಂದು ರಾತ್ರಿಯ ಬಸ್ಸಿನ ದೂರದಲ್ಲಿತ್ತು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ, ಅಷ್ಟೇ. ಕುಚ್ಚಲಕ್ಕಿಯ ದಪ್ಪ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅವ್ವ ಕಳಿಸಿದ ಜೋಳದ ಹಿಟ್ಟು ಈ ಗಾಳಿಯ ತೇವಕ್ಕೆ ಹದಿನೈದೇ ದಿನದಲ್ಲಿ ಮುಗ್ಗಲು ಹಿಡಿಯಿತು. ಆ ಹಿಟ್ಟು ಚೆಲ್ಲಿದ ದಿನ ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಾನು ಇಂಗ್ಲಿಷ್ ಕಲಿಸುವ ತರಗತಿ ಕೊಡಿಯಾಲ್‌ಬೈಲಿನಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಂಜೆ ಬಸ್ಸುಗಳ ಹಾರ್ನು ಕೆಳಗೆ, ನನ್ನ ಇಂಗ್ಲಿಷ್ ಮೇಲೆ. ಕಲಿಯಲು ಬರುವವರೆಲ್ಲ ದೊಡ್ಡವರು. ಗಲ್ಫಿಗೆ ಹೊರಟ ನರ್ಸ್ ರೇಷ್ಮಾ, ಕುದ್ರೋಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಇಬ್ರಾಹಿಂ, ಹೀಗೆ ಎಂಟು ಹತ್ತು ಜನ. ಊರಲ್ಲಿ ನಾನು ಕಲಿಸಿದ್ದು ಶಾಲೆಯ ಮಕ್ಕಳಿಗೆ. ಅವರು ತಪ್ಪಿದರೆ ನಗುತ್ತಾರೆ. ದೊಡ್ಡವರು ತಪ್ಪಿದರೆ ಮರುದಿನ ಬರುವುದೇ ಇಲ್ಲ. ಅವರನ್ನು ಮರುದಿನ ಬರುವ ಹಾಗೆ ಮಾಡುವುದೇ ನನ್ನ ಅರ್ಧ ಕೆಲಸ, ಅದರಲ್ಲಿ ನಾನು ಗಟ್ಟಿಗಿತ್ತಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ವಲೇರಿಯನ್ ಬಂದದ್ದು ಮಳೆ ಕಳೆದ ಮೇಲೆ. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಇಪ್ಪತ್ತೇಳು ವರ್ಷ ಕುವೈತಿನಲ್ಲಿ ಲಾರಿ ಓಡಿಸಿದವರು. ಕುರ್ಚಿಯಲ್ಲಿ ಕೂರದೆ ನಿಂತೇ ವಿಷಯ ಹೇಳಿದರು.

"ಟೀಚರ್, ನನ್ನ ತೀರಿಹೋದ ಅಣ್ಣನ ಮಗಳು ಜೊವಿಟಾ ಅಂತ. ಜನವರಿಯಲ್ಲಿ ಮದುವೆ ಉಂಟು. ಟೋಸ್ಟಿನ ಭಾಷಣ ನಾನೇ ಮಾಡಬೇಕಂತೆ. ಹುಡುಗನ ಕಡೆಯವರು ಮುಂಬೈಯವರು, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ. ನಮ್ಮ ಪೈಕಿ ಒಬ್ಬ ಕಾಲೇಜಿನಲ್ಲಿ ಲೆಕ್ಚರರ್ ಇದ್ದಾನೆ, ಅವನೇ ಮಾಡಲಿ ಅಂತ ಎಲ್ಲರೂ ಹೇಳ್ತಾರೆ. ಇವಳು ಕೇಳುವುದಿಲ್ಲ ಮಾರಾಯ್ರೆ. ಬಾಪ್ಪು ಮಾಡದಿದ್ದರೆ ಟೋಸ್ಟೇ ಬೇಡ ಅಂತಾಳೆ."

ಬಾಪ್ಪು ಎಂದರೆ ಕೊಂಕಣಿಯಲ್ಲಿ ಚಿಕ್ಕಪ್ಪ. ಅಪ್ಪನಿಲ್ಲದ ಆ ಹುಡುಗಿಯನ್ನು ಓದಿಸಿ ಬೆಳೆಸಿದವರು ಇವರೇ. ಮೂರು ತಿಂಗಳು ಸಮಯವಿತ್ತು. ಚಿಕ್ಕಪ್ಪ ಇಂಗ್ಲಿಷಿನಲ್ಲಿ ತಡವರಿಸಿದರೆ ಬೀಗರ ಮುಂದೆ ತಲೆ ತಗ್ಗುವುದು ಅವರದಷ್ಟೇ ಅಲ್ಲ, ಹಟ ಹಿಡಿದ ಆ ಹುಡುಗಿಯದೂ. "ಆಗ್ತದೆ, ನಾನು ಬರೆದು ಕೊಡ್ತೇನೆ" ಎಂದೆ. ಅಷ್ಟರಲ್ಲಾಗಲೇ ಇಲ್ಲಿಯ ಮಾತು ನನ್ನ ನಾಲಿಗೆಗೆ ಅಂಟಿತ್ತು.

ನಾನು ಅಲ್ಲಿಯವರೆಗೆ ಒಂದು ಕ್ರೈಸ್ತ ಮದುವೆಯನ್ನೂ ನೋಡಿದವಳಲ್ಲ. ಆದರೆ ಭಾಷಣ ಬರೆಯಲು ನನಗೆ ಯಾರು ಹೇಳಿಕೊಡಬೇಕು? ನಮ್ಮ ಕಡೆಯ ಸನ್ಮಾನ ಸಮಾರಂಭಗಳ ಧಾಟಿಯಲ್ಲಿ ಎರಡು ಪುಟ ಬರೆದೆ. ವಧುವಿನ ಗುಣ, ವರನ ವಿದ್ಯೆ, ಎರಡೂ ಮನೆತನದ ಹಿರಿಮೆ, ಕೊನೆಗೆ ಸರ್ವರಿಗೂ ವಂದನೆ. ವಲೇರಿಯನ್ ಒಂದು ತಿಂಗಳಿಡೀ ಅದನ್ನು ಉರು ಹೊಡೆದರು. ಒಂದು ಸಂಜೆ ತರಗತಿಯ ಎದುರು ನಿಂತು, ಕಣ್ಣು ಮುಚ್ಚಿ, ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ನಾನು ಹಿಗ್ಗಿ ಚಪ್ಪಾಳೆ ತಟ್ಟಿದೆ.

ರೇಷ್ಮಾ ಮಾತ್ರ ನನ್ನ ಮುಖ ನೋಡಿದಳು. ಅವಳೂ ವಲೇರಿಯನ್ ಅವರ ಸಮುದಾಯದವಳೇ. "ಗ್ಲಾಸು ಎತ್ತುವುದು ಯಾವಾಗ, ಟೀಚರ್?"

"ಯಾವ ಗ್ಲಾಸು?"

"ಎಂತ ಟೀಚರ್, ಟೋಸ್ಟ್ ಅಂದರೆ ಅದೇ ಅಲ್ಲವಾ? ಹುಡುಗ ಹುಡುಗಿಯ ಬಗ್ಗೆ ಎರಡು ತಮಾಷೆ ಕಥೆ ಹೇಳಿ ನಗಾಡಿಸಬೇಕು, ಆಮೇಲೆ ಎಲ್ಲರೂ ಗ್ಲಾಸು ಎತ್ತಬೇಕು, ಬ್ಯಾಂಡ್ ಹೊಡೀಬೇಕು. ಇದು ಸ್ವಾತಂತ್ರ್ಯೋತ್ಸವದ ಭಾಷಣದ ಹಾಗೆ ಉಂಟು."

ಇಬ್ರಾಹಿಂ ಮೇಜಿನ ಮೇಲೆ ತಲೆ ಇಟ್ಟು ನಕ್ಕರು. ನಾನು ವಲೇರಿಯನ್ ಕಡೆ ತಿರುಗಿದೆ. "ನಿಮಗೆ ಇದು ಗೊತ್ತಿರಲಿಲ್ಲವಾ?"

"ಗೊತ್ತಿತ್ತು. ಎಷ್ಟು ಮದುವೆ ನೋಡಿಲ್ಲ ನಾನು!" ಅವರು ಕಾಗದವನ್ನು ನೀಟಾಗಿ ಮಡಚುತ್ತಿದ್ದರು. "ಆದರೆ ಟೀಚರ್ ಬರೆದದ್ದಲ್ಲವಾ. ಇಂಗ್ಲಿಷಿನಲ್ಲಿ ಹೀಗೆಯೇ ಇರಬೇಕು ಅಂತ ಗ್ರಹಿಸಿದೆ."

ಆ ಮಾತು ನನಗೆ ನಾಟಿತು. ಟೋಸ್ಟು ಅವರ ಮನೆಯದು, ಅದರ ರೀತಿ ರಿವಾಜು ಅವರ ರಕ್ತದಲ್ಲಿತ್ತು. ಇಂಗ್ಲಿಷ್ ಎಂಬ ಒಂದೇ ಕಾರಣಕ್ಕೆ, ನಿನ್ನೆ ಮೊನ್ನೆ ಬಂದ ನನ್ನನ್ನು ತಮಗಿಂತ ತಿಳಿದವಳೆಂದು ನಂಬಿ, ಗೊತ್ತಿದ್ದದ್ದನ್ನೂ ಬಾಯಿ ಬಿಡದೆ ನುಂಗಿಕೊಂಡಿದ್ದರು. ಕಾಗದ ಈಸಿಕೊಂಡು ಹರಿದು ಹಾಕಿದೆ. "ಜೊವಿಟಾ ಬಗ್ಗೆ ನನಗೆ ಹೇಳಿ. ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿ" ಎಂದೆ.

ಅವರು ಹೇಳಿದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಪುಟ್ಟ ಜೊವಿಟಾ ಬಾಗಿಲ ಹಿಂದೆ ಅಡಗಿ, "ಈ ಮಾಮ ಯಾವಾಗ ಹೋಗ್ತಾರೆ?" ಎಂದು ಅಮ್ಮನನ್ನು ಕೇಳುತ್ತಿದ್ದಳಂತೆ. ರಜೆ ಮುಗಿದು ಹೊರಡುವ ದಿನ ಅದೇ ಹುಡುಗಿ ಅವರ ಪೆಟ್ಟಿಗೆಯ ಮೇಲೆ ಹತ್ತಿ ಕೂತು, ಇಳಿಯುವುದಿಲ್ಲ ಎಂದು ರಂಪ ಮಾಡುತ್ತಿದ್ದಳಂತೆ. ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಕೂಡಿಸಿದೆವು. ಗ್ಲಾಸು ಎತ್ತುವ ಅಭ್ಯಾಸಕ್ಕೆ ರೇಷ್ಮಾ ಮನೆಯಿಂದ ಪುನರ್ಪುಳಿ ಶರಬತ್ತು ತಂದಳು. ಅದು ಇಲ್ಲಿಯ ಒಂದು ಹುಳಿಹಣ್ಣಿನದು, ನೋಡಲು ವೈನಿನಷ್ಟೇ ಕೆಂಪು. ನಾನು ವೈನು ಮುಟ್ಟದ ಮನೆಯವಳೆಂದು ಅವರಿಗೆಲ್ಲ ತಿಳಿದದ್ದೂ ಆಗಲೇ. ಸ್ಟೀಲ್ ಲೋಟ ಎತ್ತಿ ಎತ್ತಿ ಕುಡಿದೆವು.

ಮದುವೆಗೆ ನನ್ನನ್ನೂ ಕರೆದರು. ಸಾವಿರ ಜನರ ಸಭಾಂಗಣದಲ್ಲಿ ಪರಿಚಯದವರಿಲ್ಲದೆ ಹಿಂದಿನ ಸಾಲಿನಲ್ಲಿ ಕೂತೆ. ವಲೇರಿಯನ್ ಕಪ್ಪು ಸೂಟಿನಲ್ಲಿ ವೇದಿಕೆ ಹತ್ತಿದರು. ಮೈಕು ಒಮ್ಮೆ ಕಿರುಚಿತು. ಅವರು ಶುರು ಮಾಡಿದರು. ಬಾಗಿಲ ಹಿಂದಿನ ಹುಡುಗಿಯ ಕಥೆಗೆ ಮುಂಬೈಯವರೇ ಮೊದಲು ನಕ್ಕರು. ಪೆಟ್ಟಿಗೆಯ ಕಥೆಗೆ ಜೊವಿಟಾ ಅತ್ತಳು, ಹುಡುಗನ ತಾಯಿ ಕರವಸ್ತ್ರ ಹುಡುಕಿದರು. ಎರಡು ಕಡೆ ಇಂಗ್ಲಿಷ್ ಜಾರಿತು. ಯಾರಿಗೆ ಬೇಕಿತ್ತು ಅದು! ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ಆಮೇಲೆ ನಾವು ಬರೆಯದೇ ಇದ್ದದ್ದನ್ನು ಹೇಳಿದರು. "ಮೈ ಟೀಚರ್ ಈಸ್ ಹಿಯರ್. ಶಿ ಈಸ್ ಫ್ರಮ್ ಬಿಜಾಪುರ. ವೆರಿ ಫಾರ್. ಐ ನೋ ಫಾರ್." ಹಿಂದಿನ ಸಾಲಿನ ಕಡೆ ಕೈ ತೋರಿಸಿದರು. "ಟುಡೇ ಶಿ ಈಸ್ ಬ್ರೈಡ್ಸ್ ಸೈಡ್. ಟೀಚರ್, ಅಲ್ಲಿ ಹಿಂದೆ ಎಂತ ಮಾಡ್ತೀರಿ? ಮುಂದೆ ಬನ್ನಿ."

ಹುಡುಗಿಯ ಕಡೆಯವರ ಮೇಜಿನಲ್ಲಿ ನನಗೊಂದು ಕುರ್ಚಿ ಖಾಲಿ ಇಟ್ಟಿದ್ದರು. ಎಲ್ಲರ ಗ್ಲಾಸಿನಲ್ಲಿ ವೈನು. ನನ್ನ ಮುಂದೆ ಇಟ್ಟದ್ದನ್ನು ಮೂಸಿ ನೋಡಿದೆ. ಪುನರ್ಪುಳಿ. ಬ್ಯಾಂಡು ಶುರುವಾಯಿತು, ಎಲ್ಲರೊಡನೆ ನಾನೂ ಎತ್ತಿದೆ.

ಈಗ ರಜೆಗೆ ಊರಿಗೆ ಹೋದರೆ ಓಣಿಯವರು "ಮಂಗಳೂರಿನಾಕಿ ಬಂದ್ಲು" ಅನ್ನುತ್ತಾರೆ. ಇಲ್ಲಿ ನಾನು ಬಿಜಾಪುರದ ಟೀಚರ್. ಎರಡನ್ನೂ ಕೇಳಿ ಸುಮ್ಮನಿರುತ್ತೇನೆ, ಎರಡೂ ನಿಜವೇ.

ಮದುವೆಯ ಮರುದಿನ ಅವ್ವ ಫೋನು ಮಾಡಿ, ನಿನ್ನೆ ಯಾಕೆ ಫೋನು ಎತ್ತಲಿಲ್ಲ ಎಂದು ಕೇಳಿದಳು.

"ಮದುವಿ ಇತ್ತವ್ವಾ, ನಮ್ಮವರದು."

"ಅಲ್ಲಿ ನಮ್ಮವರು ಯಾರದಾರ?"

"ವಲೇರಿಯನ್ ಅಂತ," ಎಂದೆ. "ಹುಡುಗಿ ಕಡೆಯವರು."