ಚೌಡಕ್ಕ ಒರೆಸಿದ ಗೋಡೆ

ನಾಲ್ಕು ದಿನ ಕೂತು ತಾವೇ ಗೋಡೆಯ ಮೇಲೆ ಬರೆದಿದ್ದ ಹಸೆ ಚಿತ್ತಾರವನ್ನು ಚೌಡಕ್ಕ ಒದ್ದೆ ಬಟ್ಟೆಯಿಂದ ಒರೆಸತೊಡಗಿದಾಗ ನಾನು ಪೆಚ್ಚಾಗಿ ನಿಂತೆ.

ಸಾಗರದಲ್ಲಿ ನಾವು ಕೆಲವು ಗೆಳೆಯರು ನಡೆಸುವ ಪುಟ್ಟ ಕಲಾಕೇಂದ್ರವದು; ಚಿತ್ತಾರ ಬರೆಯಲು ಅವರನ್ನು ಹಳ್ಳಿಯಿಂದ ನಾವೇ ಕರೆಸಿದ್ದೆವು. ಮುಂದಿನ ವಾರ ಅದೇ ಗೋಡೆಗೆ ಮಂಡಗದ್ದೆಯ ಹಕ್ಕಿಗಳ ಫೋಟೊಗಳು ಬರಬೇಕಿತ್ತು. ಚಿತ್ತಾರ ಅಳಿಸಬೇಕೆಂದು ಅವರಿಗೆ ಹೇಳುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಎರಡು ದಿನ ತಯಾರಿ ನಡೆಸಿ ನಾನು ಪೀಠಿಕೆ ಹಾಕುತ್ತಿರುವಾಗಲೇ ಅವರು ಬಕೆಟ್ ಎಲ್ಲಿದೆ ಎಂದು ಕೇಳಿದ್ದರು.

"ಎಂತಕ್ಕೆ ಮುಖ ಸಣ್ಣ ಮಾಡ್ಕಂಡಿದೀರಿ? ನಮ್ಮನೇಲೂ ಹಳೇದರ ಮೇಲೆ ಕೆಮ್ಮಣ್ಣು ಸಾರಿಸಿಯೇ ಹೊಸದು ಬರೆಯೋದು" ಎಂದರು.

ಕೆಲಸ ಮುಗಿಸಿ ಹೊರಟವರು ಬಾಗಿಲ ಬಳಿ ನಿಂತರು. ಕೇಂದ್ರ ಶುರುವಾದಂದಿನಿಂದ ಅಲ್ಲಿ ತೂಗುತ್ತಿದ್ದ ದೊಡ್ಡ ಚಿತ್ರ ನಾನು ಬರೆದದ್ದು. ಯಾವ ಪ್ರದರ್ಶನ ಬಂದರೂ ಅದು ಕದಲಿರಲಿಲ್ಲ. ಚೌಡಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ, ನನ್ನತ್ತ ತಿರುಗಿ ಕೇಳಿದರು: "ಬಟ್ಟೆ ಇಲ್ಲೇ ಬಿಟ್ಟು ಹೋಗ್ಲಾ?"

ಹಕ್ಕಿಗಳು ಬರುವ ಮೊದಲೇ ನನ್ನ ಚಿತ್ರವನ್ನು ಇಳಿಸಿದ್ದೇನೆ. ಮೊಳೆ ಮಾತ್ರ ಅಲ್ಲೇ ಇದೆ. ಅದನ್ನು ಕೀಳಲು ಇನ್ನೂ ಮನಸ್ಸು ಬಂದಿಲ್ಲ.