ಸ್ಟೀಲ್ ಡಬ್ಬಿಯೊಳಗಿನ ಹವಾಮಾನ

ಮೂವತ್ತು ವರ್ಷ ವಿಮಾನದ ಆಂಟೆನಾಗಳನ್ನು ಪರೀಕ್ಷಿಸಿ ನಿವೃತ್ತನಾದವನು ನಾನು. ಮಗಳು ತಂದುಕೊಟ್ಟ ಹವಾಮಾನದ ಗಡಿಯಾರವನ್ನು ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ತೂಗುಹಾಕಿದ ದಿನವೇ, ಈ ಚಳಿಗಾಲ ನನ್ನ ಉಸ್ತುವಾರಿಯಲ್ಲಿ ಎಂದು ಘೋಷಿಸಿಬಿಟ್ಟೆ. ಬೆಂಕಿಪೊಟ್ಟಣದಷ್ಟಿದ್ದ ಅದರ ಸೆನ್ಸರ್ ಹಿತ್ತಿಲ ಬೇಲಿಯ ಮೇಲೆ ಕೂತು, ಹೊರಗಿನ ಉಷ್ಣಾಂಶವನ್ನು ತಂತಿಯಿಲ್ಲದೆ ಗಡಿಯಾರಕ್ಕೆ ಕಳಿಸುತ್ತಿತ್ತು.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಹೆಂಡತಿ ಹನ್ನೊಂದು ವರ್ಷದಿಂದ ಕುಂಡದಲ್ಲಿ ಸಾಕಿದ ಕರಿಬೇವಿನ ಗಿಡ ನನ್ನ ಎದೆಮಟ್ಟ ಬೆಳೆದಿದೆ. ಚಳಿ ಶುರುವಾಗುತ್ತಲೇ ಅದನ್ನು ಒಳಗೆ ಹೊತ್ತು ತರುವವನು ನಾನು, ಆಮೇಲೆ ಸೊಂಟ ಹಿಡಿದುಕೊಳ್ಳುವವನೂ ನಾನೇ. ಈ ಸಲ ನಲವತ್ತು ಡಿಗ್ರಿಗಿಂತ ಇಳಿದರೆ ಮಾತ್ರ ತರುವುದು ಎಂದು ಕಾನೂನು ಮಾಡಿದೆ. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೆರಡಕ್ಕೆ ನೀರು ಹೆಪ್ಪುಗಟ್ಟುತ್ತದೆ.

ನವೆಂಬರಿನ ಮಳೆಯಲ್ಲಿ ಸೆನ್ಸರ್ ನೆನೆಯುವುದನ್ನು ನೋಡಲಾರದೆ, ಅಡುಗೆಮನೆಯಿಂದ ಕೈಗೆ ಸಿಕ್ಕ ಒಂದು ಸ್ಟೀಲ್ ಡಬ್ಬಿ ಎತ್ತಿಕೊಂಡು, ಅದರೊಳಗಿಟ್ಟು, ಮುಚ್ಚಳ ಬಿಗಿಮಾಡಿ ಬೇಲಿಗೆ ಕಟ್ಟಿದೆ. ಗಡಿಯಾರದಲ್ಲಿ ಅಂಕಿ ಹೋಗಿ ಎರಡು ಗೀಟು ಉಳಿದವು. ಬ್ಯಾಟರಿ ಬದಲಿಸಿದೆ. ಕೈಪಿಡಿಯನ್ನು ಮೂರು ಸಲ ಓದಿದೆ. ಗಡಿಯಾರವನ್ನು ಕಿಟಕಿಯ ಹತ್ತಿರ ಹಿಡಿದು, ಸಿಗ್ನಲ್ ಹುಡುಕುವ ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಕೊನೆಗೆ ನಲವತ್ತೊಂಬತ್ತು ಎಂದು ಬಂತು. ಅವತ್ತು ಊಟದ ಹೊತ್ತಿಗೆ ಆಂಟೆನಾಗಳ ಬಗ್ಗೆ ಒಂದು ಉಪನ್ಯಾಸವನ್ನೂ ಕೊಟ್ಟೆ. ನಡುವೆ ಹೆಂಡತಿ, ಅವಳಮ್ಮ ಕೊಟ್ಟ ಡಬ್ಬಿ ಕಾಣಿಸುತ್ತಿಲ್ಲ ಎಂದಳು. ಯಾವ ಡಬ್ಬಿಯೆಂದೂ ಕೇಳದೆ, ಎಲ್ಲೋ ಇರುತ್ತೆ ಬಿಡು ಎಂದೆ.

ಒಂದು ವಾರ ಗಡಿಯಾರ ನಲವತ್ತೊಂಬತ್ತರ ಆಸುಪಾಸಿನಲ್ಲೇ ಇತ್ತು. ಹೊರಗೆ ಕೈ ಮರಗಟ್ಟುತ್ತಿದೆ, ಗಿಡ ಒಳಗೆ ತರೋಣ ಎಂದು ಅವಳು ಎರಡು ಸಲ ಹೇಳಿದಳು. ಎರಡು ಸಲವೂ ನಾನು ಗೋಡೆಯತ್ತ ಬೆರಳು ತೋರಿಸಿದೆ. ಒಂದು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆಯುತ್ತಾ, ಈ ಮಂಜಿನಲ್ಲೇ ಏನೋ ದೋಷವಿದೆ ಎಂದುಕೊಂಡ ಇಂಜಿನಿಯರ್ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಆಮೇಲೆ ಗಿಡದ ನೆನಪಾಗಿ ಹಿತ್ತಿಲಿಗೆ ಓಡಿದೆ. ಕರಿಬೇವಿನ ಎಲೆಯೆಲ್ಲ ಕಪ್ಪಾಗಿ ಜೋತುಬಿದ್ದಿತ್ತು. ಬೇಲಿಯಾಚೆ, ಪಕ್ಕದ ಮನೆಯಾತ ಸೊಪ್ಪು ಬೆಳೆಯಲು ಕಟ್ಟಿಕೊಂಡ ಗಾಜಿನ ಮನೆಯಿಂದ ಹೊರಗೆ ಬರುತ್ತಿದ್ದ. ಒಳಗೆ ಹೀಟರ್ ಇಟ್ಟಿದ್ದೇನೆ, ಸೆನ್ಸರ್ ಕೂಡ ಇದೆ, ನಲವತ್ತೊಂಬತ್ತಕ್ಕಿಂತ ಇಳಿಯಲು ಬಿಡುವುದಿಲ್ಲ ಎಂದು ಖುಷಿಯಿಂದ ಹೇಳಿದ. ನಾನು ಗುಂಡಿ ಒತ್ತಿ ಹಿಡಿದದ್ದು ಅವನ ಸೆನ್ಸರಿನ ಸಿಗ್ನಲ್; ವಾರವಿಡೀ ನನ್ನ ಗಡಿಯಾರ ತೋರಿಸಿದ್ದು ಅವನ ಸೊಪ್ಪಿನ ಸುಖವನ್ನು. ನನ್ನ ಸೆನ್ಸರ್ ಮಾತ್ರ ಡಬ್ಬಿಯೊಳಗೆ ಒಬ್ಬಂಟಿಯಾಗಿ ಕೂಗಿಕೊಳ್ಳುತ್ತಿತ್ತು. ಮುಚ್ಚಿದ ಲೋಹದಿಂದ ಸಿಗ್ನಲ್ ಹೊರಗೆ ಬರುವುದಿಲ್ಲ ಎಂದು ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು.

ಡಬ್ಬಿ ಬಿಚ್ಚುವಾಗ ಹೆಂಡತಿ ಬಂದು ನಿಂತಳು. ಅದರ ಮೇಲೆ ಅವಳಮ್ಮನ ಹೆಸರು ಕೆತ್ತಿಸಿತ್ತು. ಅವಳು ಅದನ್ನು ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಒರೆಸಿದಳು.

"ನಾನು ಹೇಳಿದ್ದೆ ಅಲ್ವಾ," ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಬರೀ ಕಡ್ಡಿಯಾದ ಗಿಡವನ್ನು ಅವತ್ತೇ ಒಳಗೆ ಹೊತ್ತು ತಂದೆ. ಇನ್ನೂ ಚಿಗುರಿಲ್ಲ, ಒಗ್ಗರಣೆ ಕರಿಬೇವಿಲ್ಲದೆ ಸಿಡಿಯುತ್ತದೆ. ಬೆಳಿಗ್ಗೆ ಕಾಫಿ ಕೊಡುತ್ತಾ ಅವಳು, "ಹೊರಗೆ ಎಷ್ಟಿದೆ ರೀ?" ಎನ್ನುತ್ತಾಳೆ. ಗಡಿಯಾರ ನನ್ನ ಎದುರಿಗೇ ಇದೆ, ಈಗ ಸರಿಯಾಗಿಯೂ ಇದೆ. ಆದರೂ ನಾನು ಬಾಗಿಲು ತೆಗೆದು ಹಿತ್ತಿಲಿಗೆ ಹೋಗಿ, ಕುಂಡವಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು ಹೇಳುತ್ತೇನೆ.